ಹತ್ತು ಗಂಟೆಯ ಮೀನು ಸಾರು

ಮಾರ್ಚ್ 4, ಮಂಗಳವಾರ

ಬಂದರು ಬೀದಿಯ ತಾಳೆಮರಗಳ ಒಣಗರಿ ತೆಗೆದಿದ್ದಾಯಿತು. ಬೆಳಗ್ಗೆಯಿಂದ ಬೂರ ಗಾಳಿ, ಬೆಟ್ಟದಿಂದ ಇಳಿದು ಕಿವಿಯನ್ನೇ ಕಿತ್ತುಕೊಂಡು ಹೋಗುವ ಹಾಗೆ. ಹತ್ತು ಗಂಟೆಗೆ ಮರೆಂದಾ, ತೋಟದವರು ಎಂಟೂ ಜನ ಒಟ್ಟಿಗೆ ಕೂತು ಉಣ್ಣುವ ಹೊತ್ತು. ಈ ಹೊತ್ತಿನ ಊಟ ಒಂದಿಲ್ಲದಿದ್ದರೆ ನಾನು ಈ ಪುರಸಭೆ ತೋಟದ ಕೆಲಸ ಎಂದೋ ಬಿಟ್ಟಿರುತ್ತಿದ್ದೆ.

ಇವತ್ತು ಅಡುಗೆ ಪಾಳಿ ಶ್ಪೀರೋದು. ಬೀನ್ಸ್ ಕಾಳು, ಹೊಗೆ ಹಾಕಿದ ಹಂದಿಮಾಂಸ. ನಾಳೆಯಿಂದ ಈಸ್ಟರ್‌ವರೆಗೆ ಉಪವಾಸದ ದಿನಗಳು, ಅದಕ್ಕೇ ಮಾಂಸ ಕೈ ಬಿಚ್ಚಿ ಹಾಕಿದ್ದ. ಪೆರಿನಾ ಮೂರು ಸಲ ಬಡಿಸಿಕೊಂಡಳು, ಮೂರು ಸಲವೂ "ಉಪ್ಪು ಕಮ್ಮಿ" ಅಂದಳು.

ಎಂಟೂವರೆಗೆ ಹೊಸ ಡೈರೆಕ್ಟರ್ ಅಡುಗೆಕೋಣೆಗೆ ಇಣುಕಿದ್ದರಂತೆ. ಹೆಸರು ವೇದ್ರಾನ್, ಎಂಜಿನಿಯರ್. ಕ್ರಿಸ್‌ಮಸ್ ಆದಮೇಲೆ ಉತ್ತರದ ಕಡೆಯಿಂದ ಬಂದವರು. ಒಲೆ ಮುಂದೆ ಏಪ್ರನ್ ಕಟ್ಟಿಕೊಂಡ ಶ್ಪೀರೋನನ್ನು ಕಂಡು, "ಇದು ಕೆಲಸದ ಟೈಮಲ್ವಾ?" ಅಂದಿದ್ದಾರೆ. ಇವನು ಸುಮ್ಮನಿರಬೇಕೋ ಬೇಡವೋ — "ಹೌದು ಸಾಹೇಬ್ರೆ, ಅದಕ್ಕೇ ಬೇಗ ಬೇಗ ಕೈಯಾಡಿಸ್ತಿದೀನಿ."

ಡೈರೆಕ್ಟರ್ ನಗಲಿಲ್ಲವಂತೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಾರ್ಚ್ 6, ಗುರುವಾರ

ನಗು ಜಾಸ್ತಿಯಾಯಿತು. ಬಾಗಿಲಿಗೆ ಆದೇಶ ಅಂಟಿಸಿದ್ದಾರೆ. ಇನ್ನು ಮೇಲೆ ವಿರಾಮ ಒಟ್ಟಿಗೆ ಇಲ್ಲ. ಒಬ್ಬೊಬ್ಬರೇ, ಬೇರೆ ಬೇರೆ ಹೊತ್ತಿಗೆ, ಎಲ್ಲಿ ಕೆಲಸವೋ ಅಲ್ಲೇ. ಒಲೆ ತೆಗೆಯಬೇಕು. ಕೋಣೆ ಉಗ್ರಾಣವಾಗುತ್ತದೆ.

ಯೂನಿಯನ್ ಪ್ರತಿನಿಧಿ ನಾನೇ. ಬೇರೆ ಯಾರೂ ಕೈ ಎತ್ತಲಿಲ್ಲ ಅಂತ ಆದವಳು, ಹಾಗೇ ಉಳಿದುಬಿಟ್ಟೆ. ಮೇಲೆ ಹೋದೆ. ಡೈರೆಕ್ಟರ್ ಡಬ್ಬಿ ತೆರೆದು ಕಂಪ್ಯೂಟರ್ ನೋಡಿಕೊಂಡು ಏನೋ ಹಸಿರು ಎಲೆ ತಿನ್ನುತ್ತಿದ್ದರು.

"ದಿನ್ಕಾ ಅವರೇ, ಜನ ಫೋನ್ ಮಾಡ್ತಾರೆ. ತೋಟದವರು ಹತ್ತು ಗಂಟೆಗೆ ಎಲ್ಲಿ ಮಾಯ ಆಗ್ತಾರೆ ಅಂತ. ನಾನೇನು ಹೇಳ್ಲಿ?"

"ಊಟಕ್ಕೆ ಹೋಗಿದಾರೆ ಅನ್ನಿ. ಫೋನ್ ಮಾಡಿದವರೂ ಆಗ ಊಟಕ್ಕೇ ಕೂತಿರ್ತಾರೆ."

"ದಿನಾ ಒಬ್ಬರು ಎಂಟು ಗಂಟೆಯಿಂದ ಅಡುಗೆ ಮಾಡ್ತಾ ನಿಲ್ತಾರೆ. ಪುರಸಭೆ ಸಂಬಳ ಕೊಡೋದು ಅಡುಗೆಗಲ್ಲ."

"ಅವರ ಪಾಲಿನ ಕೆಲಸ ಉಳಿದ ಏಳು ಜನ ಮಾಡ್ತೀವಲ್ಲ ಸಾಹೇಬ್ರೆ. ಒಂದು ಗಿಡ ಒಣಗಿದ್ರೆ ತೋರ್ಸಿ."

ತೋರಿಸಲಿಲ್ಲ. ಆದೇಶ ವಾಪಸ್ ತೆಗೆಯಲೂ ಇಲ್ಲ. ಕೆಟ್ಟ ಮನುಷ್ಯ ಅನಿಸಲಿಲ್ಲ, ಅದೇ ತಲೆನೋವು. ಕೆಟ್ಟವರ ಜೊತೆ ಜಗಳ ಸಲೀಸು.

ಮಾರ್ಚ್ 7, ಶುಕ್ರವಾರ

ಶ್ಪೀರೋ ಒಲೆ ಹಚ್ಚಿದ್ದಾನೆ! ಆದೇಶ ಓದಿಲ್ಲವೇನೋ ಅಂದರೆ, "ಓದ್ದೆ ಕಣೆ. ಮೀನು ನಿನ್ನೇನೇ ತಂದಿಟ್ಟಿದ್ದೆ. ಮೀನಿಗೇನು ಗೊತ್ತಾಗುತ್ತೆ ಆದೇಶ?"

ಬ್ರುದೆತ್ ಮಾಡಿದ್ದ — ಟೊಮೆಟೊ ಹಾಕಿದ ಮೀನು ಸಾರು, ಜೊತೆಗೆ ಜೋಳದ ಹಿಟ್ಟಿನ ಮುದ್ದೆ. ರುಚಿಗೆ ಏನೂ ಹೇಳುವ ಹಾಗಿಲ್ಲ. ಆದರೆ ಎಲ್ಲರ ಕಣ್ಣೂ ಬಾಗಿಲ ಕಡೆಗೇ. ಡೈರೆಕ್ಟರ್ ಬಂದು ನೋಡಿಕೊಂಡು ಹೋದರು. ಮಧ್ಯಾಹ್ನ ಶ್ಪೀರೋ ಕೈಗೆ ನೋಟಿಸ್. ಆದೇಶ ಮೀರಿದ್ದಕ್ಕೆ ಕ್ರಮ ಯಾಕೆ ತಗೋಬಾರದು ಅಂತ.

ಅವನ ಮೇಲೆ ಆಗಲೇ ಒಂದು ವಾರ್ನಿಂಗ್ ಇದೆ. ಹೋದ ಶರತ್ಕಾಲದಲ್ಲಿ ಬೂರ ಬೀಸುವಾಗ ಕ್ರೇನ್ ಬುಟ್ಟಿ ಹತ್ತೋದಿಲ್ಲ ಅಂದಿದ್ದಕ್ಕೆ, ಹಳೇ ಡೈರೆಕ್ಟರ್ ಕೊಟ್ಟಿದ್ದು. ಇದು ಎರಡನೆಯದಾದರೆ ಮನೆಗೆ. ಐವತ್ತೆಂಟರ ತೋಟಗಾರನಿಗೆ ಈ ಊರಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ಅಡುಗೆ ಬೇಕಾದರೆ ಹೋಗಲಿ, ಒಲೆ ಬೇಕಾದರೆ ಹೋಗಲಿ. ಶ್ಪೀರೋ ಹೋಗಬಾರದು.

ಮಾರ್ಚ್ 11, ಮಂಗಳವಾರ

ಸ್ಪ್ಲಿತ್ ಪಟ್ಟಣಕ್ಕೆ ಬಸ್ಸಲ್ಲಿ ಹೋಗಿಬಂದೆ. ಯೂನಿಯನ್ ವಕೀಲೆ ನೀವೆಸ್. ಚಿಕ್ಕ ವಯಸ್ಸು, ದೊಡ್ಡ ಧ್ವನಿ. ನಮ್ಮ ಒಪ್ಪಂದ ತೆಗೆದು ಬೆರಳಿಟ್ಟು ತೋರಿಸಿದಳು: ಅರ್ಧ ಗಂಟೆ ವಿರಾಮ, ಕೂರಲು ಜಾಗ, ಬಿಸಿ ಊಟಕ್ಕೆ ಅನುಕೂಲ. ಸಹಿ ಪುರಸಭೆಯದೇ.

"ಆದೇಶವೇ ತಪ್ಪು ಅಂತ ಆದ್ರೆ, ಅದನ್ನ ಮುರಿದಿದ್ದು ತಪ್ಪಾಗಲ್ಲ ದಿನ್ಕಕ್ಕ. ಕಾರ್ಮಿಕ ಇಲಾಖೆ ಇನ್‌ಸ್ಪೆಕ್ಟರ್ ಬಂದು ನೋಡ್ತಾರೆ. ಅವರು ಬರೆದಿದ್ದೇ ಬರೆದಿದ್ದು."

"ಅಡುಗೆ ಪಾಳಿ?"

"ಅದು ಒಪ್ಪಂದದಲ್ಲಿ ಎಲ್ಲೂ ಇಲ್ಲ. ಬಾಯಿ ಮುಚ್ಕೊಂಡಿರಿ."

ದೂರು ಬರೆದು ನನ್ನ ಸಹಿ ಹಾಕಿಸಿಕೊಂಡಳು. ಇನ್‌ಸ್ಪೆಕ್ಟರ್ ಬರುವವರೆಗೆ ಎಲ್ಲ ಮೊದಲಿನ ಹಾಗೆಯೇ ನಡೆಯಲಿ ಅಂತ ಇಲಾಖೆಯಿಂದಲೇ ಡೈರೆಕ್ಟರ್‌ಗೆ ಹೇಳಿಸಿದಳು. ಒಲೆ ಉಳಿಯಿತು. ಸದ್ಯಕ್ಕೆ.

ಮಾರ್ಚ್ 20, ಗುರುವಾರ

ಇನ್‌ಸ್ಪೆಕ್ಟರ್ ಬಂದರು. ಸ್ಮಿಲ್ಯಾನಾ ಅಂತ, ನನ್ನದೇ ವಯಸ್ಸು, ಬೆಟ್ಟದ ಆಚೆಯವರು. ಸರಿಯಾಗಿ ಹತ್ತಕ್ಕೆ. ಒಲೆ ನೋಡಿದರು, ಕೈ ತೊಳೆಯುವ ಜಾಗ ನೋಡಿದರು, ಬೆಂಚುಗಳ ಮೇಲೆ ಕೂತು ನೋಡಿದರು. ಶ್ಪೀರೋನನ್ನು ಏನೇನೋ ಕೇಳಿದರು. ಪಾಪ, ಅವನು ಎದ್ದು ನಿಂತೇ ಉತ್ತರ ಹೇಳಿದ, ಚರ್ಚಿನಲ್ಲಿ ನಿಂತ ಹಾಗೆ.

ಅಷ್ಟರಲ್ಲಿ ಪೆರಿನಾ ಅವರ ಮುಂದೆ ತಟ್ಟೆ ಇಟ್ಟಾಗಿತ್ತು. ಕಡಲೆಕಾಳು, ಪಾಲಕ್, ಆಲಿವ್ ಎಣ್ಣೆ. ನಾನೇ ಬ್ರೆಡ್ ಕತ್ತರಿಸಿ ಕೊಟ್ಟೆ. ಮೊದಲು ಬೇಡ ಬೇಡ ಅಂದರು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟವರಂತೆ. ಆಮೇಲೆ ಎರಡು ತಟ್ಟೆ ತಿಂದು ಬ್ರೆಡ್ಡಿನಲ್ಲಿ ಒರೆಸಿ, "ನಮ್ಮಮ್ಮ ಹಿಂಗೇ ಮಾಡ್ತಿದ್ರು" ಅಂದರು. ಹೊರಡುವಾಗ ಪೆರಿನಾ ತನ್ನ ಮರದ ನಿಂಬೆಹಣ್ಣು ಒಂದು ಚೀಲ ಕಾರಿಗೇ ಹಾಕಿದಳು.

ಮನಸ್ಸು ಹಗುರ. ಮನೆಗೆ ಬಂದು ಯೂರೆಗೆ ಹೇಳಿದೆ, ಗೆದ್ದ ಹಾಗೇ ಅಂತ. ಗಂಡ ಅನಿಸಿಕೊಂಡವನು ಟಿವಿಯಿಂದ ಕಣ್ಣು ಕೀಳದೆ "ಹಂಗಾದ್ರೆ ಇವತ್ತಾದ್ರೂ ಬಿಸಿ ಅಡುಗೆ ಇದೆಯಾ?" ಅಂದ. ಇದ್ದಿದ್ದು ನಿನ್ನೆಯ ಸೂಪು. ಅದನ್ನೇ ಕೊಟ್ಟೆ.

ಮಾರ್ಚ್ 24, ಸೋಮವಾರ

ಹಾಳಾಯಿತು. ಎಲ್ಲಾ ಹಾಳಾಯಿತು.

ಡೈರೆಕ್ಟರ್ ಆಕ್ಷೇಪಣೆ ಹಾಕಿದ್ದಾರೆ. ಪರಿಶೀಲನೆಗೆ ಬಂದವರಿಗೆ ದೂರು ಕೊಟ್ಟವರೇ ಊಟ ಹಾಕಿದ್ದಾರೆ, ಉಡುಗೊರೆಯನ್ನೂ ಕೊಟ್ಟಿದ್ದಾರೆ. ಮೇಲಿನ ಕಿಟಕಿಯಿಂದ ನಿಂಬೆಹಣ್ಣಿನ ಚೀಲ ಕಣ್ಣಾರೆ ಕಂಡರಂತೆ. ಸ್ಮಿಲ್ಯಾನಾ ಅವರನ್ನು ಈ ಕೆಲಸದಿಂದ ತೆಗೆದರು. ಅವರು ನೋಡಿದ್ದು, ಬರೆದಿದ್ದು, ಯಾವುದೂ ಲೆಕ್ಕಕ್ಕಿಲ್ಲ.

ನೀವೆಸ್ ಫೋನಲ್ಲಿ ಕಿರುಚಿದಳು. "ಊಟ ಹಾಕಿದ್ರಾ? ಇನ್‌ಸ್ಪೆಕ್ಟರ್‌ಗೆ? ಯಾರಾದ್ರೂ ಬುದ್ಧಿ ಇರೋರು ಮಾಡ್ತಾರಾ?"

"ಹತ್ತು ಗಂಟೆಗೆ ಬಂದ್ರಮ್ಮ..."

"ಬಂದ್ರೆ?"

ಬಂದರೆ ಏನು ಅಂತ ಹೇಗೆ ಹೇಳಲಿ? ಅವಳೂ ಇದೇ ಕಡಲ ದಂಡೆಯವಳು. ಹತ್ತು ಗಂಟೆಗೆ ಬಾಗಿಲಿಗೆ ಬಂದವರು ಪೋಸ್ಟ್‌ಮ್ಯಾನ್ ಆಗಲಿ, ಪಾದ್ರಿಯಾಗಲಿ, ಸಾಲ ಕೇಳಲು ಬಂದವನೇ ಆಗಲಿ, ತಟ್ಟೆ ಇಡುತ್ತೀವಿ. ಲಂಚ ಅನ್ನುವುದು ತಲೆಗೆ ಬರಲೇ ಇಲ್ಲ. ಪ್ರತಿನಿಧಿ ಅಂತ ಇದ್ದಿದ್ದು ನಾನು. ಬರಬೇಕಿದ್ದದ್ದು ನನ್ನ ತಲೆಗೆ. ಬ್ರೆಡ್ ಕತ್ತರಿಸುತ್ತಾ ನಿಂತಿದ್ದೆ, ಮಂಕುದಿಣ್ಣೆ ಹಾಗೆ.

ಮಾರ್ಚ್ 25, ಮಂಗಳವಾರ

ಶಾಲೆಯ ಬೇಲಿಗೆ ಕತ್ತರಿ ಹಾಕಲು ಶ್ಪೀರೋ ಜೊತೆ ಹೋಗಿದ್ದೆ. ಕ್ಷಮಿಸು ಮಾರಾಯ ಅಂದೆ. ಅವನು ಕತ್ತರಿ ನಿಲ್ಲಿಸಲಿಲ್ಲ.

"ಯಾಕೆ? ಹಸಿದು ಬಂದೋರಿಗೆ ಬಡಿಸಿದ್ದಕ್ಕಾ? ಬಡಿಸದೇ ಇದ್ದಿದ್ರೆ ನಿನ್ ಮುಖ ನೋಡ್ತಿರ್ಲಿಲ್ಲ."

"ಕೆಲಸ ಹೋಗುತ್ತೆ ಕಣೋ ನಿಂದು."

"ನಾನೇ ಬಿಟ್ಟು ಹೋದ್ರೆ ನಿಮ್ಮ ಒಲೆ ಉಳಿಯುತ್ತಾ? ಕೇಳು ಆ ಸಾಹೇಬರನ್ನ. ಉಳಿಯೋದಾದ್ರೆ ನಾಳೆನೇ..."

ಬಾಯಿಗೆ ಬಂದ ಹಾಗೆ ಬೈದೆ. ಶಾಲೆಯ ಮಕ್ಕಳು ಕಿಟಕಿಗೆ ಬಂದು ನೋಡಿದರು, ಅಷ್ಟು ಬೈದೆ. ಒಬ್ಬನನ್ನು ಕೊಟ್ಟು ಒಲೆ ಉಳಿಸಿಕೊಳ್ಳೋದಕ್ಕೆ ಯೂನಿಯನ್ ಯಾಕೆ ಬೇಕು? ಅದರ ಮೇಲೆ ಬೆಂದ ಅನ್ನ ಯಾರ ಗಂಟಲಲ್ಲಿ ಇಳಿಯುತ್ತದೆ?

ಆಮೇಲೆ ಅವನು, "ಸರಿ ಕಣೆ, ಬಿಡಲ್ಲ. ಉಸಿರು ತಗೋ" ಅಂದ. ತಗೊಂಡೆ.

ಏಪ್ರಿಲ್ 3, ಗುರುವಾರ

ಸುದ್ದಿ ಇಲ್ಲ. ಸಾರು ಆಗುತ್ತಿದೆ, ತಿನ್ನುತ್ತಿದ್ದೇವೆ. ಪೆರಿನಾ ಉಪ್ಪಿನ ಮಾತೇ ಎತ್ತುತ್ತಿಲ್ಲ. ನಿಂಬೆಮರ ಕಡಿದು ಹಾಕ್ತೀನಿ ಅಂತ ಒಮ್ಮೆ ಅಂದಳು. ಅತ್ತಿದ್ದಾಳೆ ಅನಿಸಿತು.

ಏಪ್ರಿಲ್ 8, ಮಂಗಳವಾರ

ನಾಡಿದ್ದು ಹೊಸ ಇನ್‌ಸ್ಪೆಕ್ಟರ್. ಗಂಡಸು, ಬೋರ್ನಾ ಅಂತ, ಭಾರಿ ಕಟ್ಟುನಿಟ್ಟಂತೆ. ನೀವೆಸ್ ತಾನೇ ಬಂದು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಪಾಠ ಹೇಳಿದಳು.

"ಊಟ ಕೊಡಬೇಡಿ. ಬ್ರೆಡ್ ಬೇಡ. ಕಾಫಿ ಬೇಡ. ಹಣ್ಣು ಬೇಡ."

"ನೀರು?" ಪೆರಿನಾ.

"ಬೇಡ."

"ನೀರೂ ಬೇಡ್ವಾ? ನಾವೇನು ಮನುಷ್ಯರೋ ಮೃಗಗಳೋ?"

"ನಲ್ಲಿ ತೋರಿಸಿ ಪೆರಿನಕ್ಕ. ಬಾಯಾರಿದ್ರೆ ಅವರೇ ಕುಡೀತಾರೆ. ತಿನ್ನಿ ಅಂತ ಬಾಯಿ ಮಾತಿಗೂ ಕರೀಬೇಡಿ. ಆಣೆ ಮಾಡಿ."

ಎಂಟೂ ಜನ ಆಣೆ ಮಾಡಿದೆವು. ಆಣೆ ತಟ್ಟದಿರಲಿ ಅಂತ ಪೆರಿನಾ ಬೆನ್ನ ಹಿಂದೆ ಬೆರಳು ಹೆಣೆದುಕೊಂಡಿದ್ದಳು, ನಾನು ನೋಡಿದೆ. ಬಿಡಿಸಿದೆ.

ಏಪ್ರಿಲ್ 10, ಗುರುವಾರ

ನಗಬೇಕೋ ಹೆದರಬೇಕೋ ಇನ್ನೂ ಗೊತ್ತಾಗುತ್ತಿಲ್ಲ. ನಡೆದ ಹಾಗೇ ಬರೆಯುತ್ತೇನೆ.

ಹತ್ತಕ್ಕೆ ಐದು ನಿಮಿಷ ಇರುವಾಗ ಬೋರ್ನಾ ಬಂದರು. ಉದ್ದಕ್ಕೆ, ಒಣಕಲು, ಮೂರು ದಿನ ಉಪವಾಸ ಇದ್ದವರ ಮುಖ. ಹಿಂದೆ ಡೈರೆಕ್ಟರ್. "ದಿನಾ ಹೇಗೋ ಹಾಗೇ ನಡೀಲಿ, ನಾನು ನೋಡ್ತೀನಿ" ಅಂದು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತರು. ಡೈರೆಕ್ಟರ್ ಬಾಗಿಲಲ್ಲಿ ನಿಂತರು.

ಶ್ಪೀರೋ ಬಡಿಸಿದ. ಮೀನು ಸಾರು. ಘಮಘಮ ಕೋಣೆಯೆಲ್ಲ. ಎಂಟು ತಟ್ಟೆ, ಎಂಟು ಚಮಚ. ಕೂತೆವು. ಯಾರೂ ಚಮಚ ಎತ್ತಲಿಲ್ಲ.

ಹಟವಲ್ಲ, ಯೋಚನೆ ಮಾಡಿದ್ದೂ ಅಲ್ಲ. ಕೈಯೇ ಬರಲಿಲ್ಲ. ಹಸಿದ ಮನುಷ್ಯ ಮೂರು ಅಡಿ ದೂರದಲ್ಲಿ ಕೂತು ನೋಡುತ್ತಿರುವಾಗ ಬಾಯಿಗೆ ಹೇಗೆ ಇಡೋದು? ನಾನು ಶ್ಪೀರೋನನ್ನು ನೋಡಿದೆ, ಅವನು ಪೆರಿನಾಳನ್ನು ನೋಡಿದ, ಪೆರಿನಾ ಮೀನನ್ನು ನೋಡಿದಳು. ಸಾರು ಆರುತ್ತಿತ್ತು. ಗಡಿಯಾರ ಓಡುತ್ತಿತ್ತು.

"ಊಟ ಮಾಡಿ" ಅಂದರು ಬೋರ್ನಾ.

"ಆಯ್ತು ಸಾರ್" ಅಂದೆವು. ಕೂತೇ ಇದ್ದೆವು.

ಅವರು ಕೈಗಡಿಯಾರ ನೋಡಿ ಏನೋ ಬರೆದುಕೊಂಡರು. ಡೈರೆಕ್ಟರ್ ಮೆಲ್ಲಗೆ, "ನೋಡಿ, ಇವರಿಗೆ ಈ ವಿರಾಮ ಬೇಕಾಗೇ ಇಲ್ಲ" ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನಾವೇ ಮಾಡಿಕೊಂಡೆವಲ್ಲ. ತಿನ್ನಬೇಕು, ಈಗಲೇ ತಿನ್ನಬೇಕು ಅಂತ ಚಮಚ ಹಿಡಿದೆ. ಎತ್ತಿದೆ. ಮತ್ತೆ ಇಟ್ಟೆ.

"ಯಾಕೆ ತಿಂತಿಲ್ಲ ನೀವು?" ಬೋರ್ನಾ ಎದ್ದು ನಿಂತಿದ್ದರು.

ಪೆರಿನಾಗೆ ತಡೆಯಲಾಗಲಿಲ್ಲ. "ನೀವು ಹಂಗೆ ಕೂತಿದ್ರೆ ನಾವು ಹೆಂಗೆ ತಿನ್ನೋದಪ್ಪಾ? ಕರೆಯೋಣ ಅಂದ್ರೆ ಆಣೆ ಹಾಕಿಸ್ಕೊಂಡಿದಾರೆ. ನೀರು ಕೂಡ ಕೊಡೋ ಹಾಗಿಲ್ಲ. ನಲ್ಲಿ ಅಲ್ಲಿದೆ, ನೋಡ್ಕೊಳಿ. ನಂಗೆ ನಾಚಿಕೆ ಆಗ್ತಿದೆ, ನಿಮಗೆ ಆಗಲ್ವಾ?"

ನೀವೆಸ್ ಇದ್ದಿದ್ದರೆ ಅಲ್ಲೇ ಕುಸಿಯುತ್ತಿದ್ದಳು.

ಬೋರ್ನಾ ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಡೈರೆಕ್ಟರ್ ಕಡೆ ತಿರುಗಿ, "ಎಂಜಿನಿಯರ್ ಸಾಹೇಬ್ರೆ, ಬನ್ನಿ. ನಾವಿಬ್ರೂ ಹೊರಗೆ ಹೋಗೋಣ. ಇಲ್ಲಿ ಜನ ಊಟ ಮಾಡ್ತಿದಾರೆ" ಅಂದರು. ಹೊರಗೆ ಹೋಗಿ ಗೊಬ್ಬರದ ಮೂಟೆಗಳ ಮೇಲೆ ನಮಗೆ ಬೆನ್ನು ಹಾಕಿ ಕೂತರು. ಡೈರೆಕ್ಟರೂ ಕೂತರು, ಪ್ಯಾಂಟು ನೋಡಿಕೊಂಡು.

ಉಳಿದ ಹೊತ್ತಿನಲ್ಲಿ ತಣ್ಣಗಾದ ಸಾರು ಗಬಗಬ ತಿಂದೆವು. ಇಷ್ಟು ರುಚಿಯಾದ ಮೀನು ನಾನು ತಿಂದಿಲ್ಲ.

ಹೋಗುವಾಗ ಬೋರ್ನಾ ಶ್ಪೀರೋನನ್ನು ಕೇಳಿದರು, ಆದೇಶದ ಪ್ರಕಾರವಾದರೆ ನಾಳೆ ನಿಮ್ಮ ವಿರಾಮ ಎಷ್ಟೊತ್ತಿಗೆ, ಎಲ್ಲಿ ಅಂತ. "ಹನ್ನೊಂದಕ್ಕೆ, ಹೆದ್ದಾರಿ ಸರ್ಕಲ್ ಸಾರ್. ಮಧ್ಯದಲ್ಲಿ ಹೂವಿನ ಪಾತಿ ಇದೆಯಲ್ಲ, ಅಲ್ಲೇ."

ಏಪ್ರಿಲ್ 11, ಶುಕ್ರವಾರ

ನಂಬಲಿಕ್ಕಾಗುತ್ತಿಲ್ಲ. ಬೋರ್ನಾ ರಾತ್ರಿ ಊರಲ್ಲೇ ಉಳಿದಿದ್ದರು. ಬೆಳಗ್ಗೆ ಹನ್ನೊಂದಕ್ಕೆ ಸರ್ಕಲ್ ಮಧ್ಯಕ್ಕೆ ಹೋಗಿ, ಪಾತಿಯ ಕಲ್ಲಿನ ಮೇಲೆ ಕೂತು, ಜೇಬಿನಿಂದ ಸ್ಯಾಂಡ್‌ವಿಚ್ ತೆಗೆದರು. ಶ್ಪೀರೋ ವಿರಾಮ ಹೇಗಿರುತ್ತೋ ಹಾಗೇ. ನಾವು ನೀರಿನ ಲಾರಿಯಲ್ಲಿ ಸುತ್ತು ಹಾಕುತ್ತಾ ನೋಡಿದೆವು.

ಸುತ್ತ ಲಾರಿ, ಬಸ್ಸು. ಬೂರ ಮೊದಲು ಕಾಗದ ಹಾರಿಸಿತು, ಆಮೇಲೆ ಬ್ರೆಡ್ಡಿನೊಳಗಿನ ಚೀಸ್ ಹಾರಿಸಿತು. ಕೈ ತೊಳೆಯಲು ನಲ್ಲಿ ಇಲ್ಲ. ನಮ್ಮ ಊರಿನವರು ಸುಮ್ಮನೆ ಬಿಡುವ ಜನವೇ? ಕಾರು ನಿಲ್ಲಿಸಿ ನಿಲ್ಲಿಸಿ ಕೇಳಿದರು. "ಏನಪ್ಪಾ, ಗಾಡಿ ಕೆಟ್ಟೋಯ್ತಾ?" "ಹೆಂಡ್ತಿ ಮನೆಯಿಂದ ಆಚೆ ಹಾಕಿದ್ಲಾ?" ಮೀನಿನ ವ್ಯಾನಿನವನು ಇಳಿದು ಬಂದು ಭುಜ ಹಿಡಿದು, ಬಾ ಮನೆಗೆ ಹೋಗೋಣ ಅಂತ ಎಬ್ಬಿಸಲು ನೋಡಿದ. ಬೋರ್ನಾ ಬೇಡ ಬೇಡ ಅಂತ ಕೈ ಆಡಿಸುತ್ತಲೇ ಇದ್ದರು. ಬ್ರೆಡ್ ಬಾಯಿಗೆ ಹೋಗಿದ್ದನ್ನು ನಾನಂತೂ ಕಾಣಲಿಲ್ಲ.

ಅರ್ಧ ಗಂಟೆ ಪೂರ್ತಿ ಕೂತರು. ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಯಾರನ್ನೂ ನೋಡದೆ ಹೋದರು. ನಾವು ನಗಲಿಲ್ಲ. ಶ್ಪೀರೋ ಟೋಪಿ ತೆಗೆದ.

ಏಪ್ರಿಲ್ 23, ಬುಧವಾರ

ಈಸ್ಟರ್ ಆಯಿತು. ಮೊಟ್ಟೆಗೆ ಬಣ್ಣ ಹಾಕಿದೆ, ಮೊಲದ ಮಾಂಸ ಮಾಡಿದೆ. ಫೋನ್ ಗುಂಯ್ ಅಂದಾಗಲೆಲ್ಲ ಎದ್ದು ಓಡಿದೆ. ಎಲ್ಲ ಯೂರೆಯ ಅಕ್ಕನದೇ.

ಮೇ 6, ಮಂಗಳವಾರ

ಬಂತು!!

ನೀವೆಸ್ ಫೋನಲ್ಲಿ ಓದಿದಳು, ನಾನು ಗುಲಾಬಿ ಪಾತಿಯ ಮಧ್ಯೆ ನಿಂತು ಕೇಳಿದೆ. ಕೂರಲು, ಕೈ ತೊಳೆಯಲು, ನೆಮ್ಮದಿಯಿಂದ ತಿನ್ನಲು ಆಗದ ಜಾಗದಲ್ಲಿ ಕೊಟ್ಟ ವಿರಾಮ ವಿರಾಮವಲ್ಲ. ಆದೇಶ ರದ್ದು. ಶ್ಪೀರೋ ಮೇಲಿನ ಕ್ರಮಕ್ಕೆ ಆಧಾರವಿಲ್ಲ. ಸ್ಮಿಲ್ಯಾನಾ ಅವರಿಗೂ ಏನೂ ಆಗಲಿಲ್ಲವಂತೆ, ಬಾಯಿ ಮಾತಿನ ಬುದ್ಧಿವಾದ ಅಷ್ಟೇ. "ನಿಂಬೆಹಣ್ಣು ಮಾತ್ರ ವಾಪಸ್ ಕೊಟ್ಟಿಲ್ಲ" ಅಂದಳು ನೀವೆಸ್. ಪೆರಿನಾ ನಿಂಬೆಮರಕ್ಕೆ ಜೀವದಾನ ಕೊಟ್ಟಳು.

ಶ್ಪೀರೋ ನಂಬಲಿಲ್ಲ. ಮತ್ತೆ ಹೇಳು ಅಂದ. ಹೇಳಿದೆ. ಇನ್ನೊಂದು ಸಲ ಅಂದ. ನಾಲ್ಕು ಸಲ ಹೇಳಿದೆ. ಇಬ್ಬರೂ ಮಣ್ಣು ಕೈಯಲ್ಲೇ ಮುಖ ಒರೆಸಿಕೊಂಡೆವು. ಸಂತೋಷಕ್ಕೆ ಅತ್ತಿದ್ದು. ಬರೆಯಲು ನಾಚಿಕೆ ಏನು?

ಮೇ 8, ಗುರುವಾರ

ಡೈರೆಕ್ಟರ್ ಕರೆದರು. ಅಡುಗೆ ಪಾಳಿ ಬಾಕಿ ಇತ್ತಲ್ಲ.

"ದಿನ್ಕಾ ಅವರೇ, ಅದು ಒಪ್ಪಂದದಲ್ಲಿ ಇಲ್ಲ."

"ಇಲ್ಲ ಸಾಹೇಬ್ರೆ."

"ಅಡುಗೆಯವರು ಒಂದು ಗಂಟೆ ಬೇಗ ಬಂದು, ಒಂದು ಗಂಟೆ ಬೇಗ ಹೋದ್ರೆ? ಕೆಲಸದ ಟೈಮಲ್ಲಿ ಅಡುಗೆ ಅಂತ ಆಗ ಯಾರೂ ನನ್ನ ಕೇಳೋ ಹಾಗಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಗಂಟೆ ಸಾಲದು, ಬೀನ್ಸ್ ಬೇಯುವುದಿಲ್ಲ ಅಂತ ಸ್ವಲ್ಪ ಜಗ್ಗಿದೆ. ಬೀನ್ಸ್ ಹಿಂದಿನ ದಿನವೇ ನೆನೆಸಿಡಿ ಅಂದರು. ಈ ಮನುಷ್ಯನಿಗೆ ಬೀನ್ಸ್ ನೆನೆಸೋದು ಗೊತ್ತು! ಒಪ್ಪಿದೆ. ಪೂರ್ತಿ ಗೆಲುವಲ್ಲ. ಪೆರಿನಾ ಬೇಗ ಏಳೋದಿಲ್ಲ ಅಂತ ಆಗಲೇ ಗೊಣಗುತ್ತಿದ್ದಾಳೆ. ಅವಳ ಪಾಳಿಯೂ ನಾನೇ ಮಾಡ್ತೀನಿ ಅಂದ ಶ್ಪೀರೋ. ನಾಳೆ ಅವನದೇ.

ಮೇ 9, ಶುಕ್ರವಾರ, ಬೆಳಗ್ಗೆ 10

ಇವತ್ತು ಸಂಜೆವರೆಗೆ ಕಾಯಲಾಗಲಿಲ್ಲ. ಅಡುಗೆಕೋಣೆಯಲ್ಲೇ ಬರೆಯುತ್ತಿದ್ದೇನೆ, ಮೇಜಿನ ತುದಿಯಲ್ಲಿ. ಶ್ಪೀರೋ ಆರಕ್ಕೇ ಬಂದು ಒಲೆ ಹಚ್ಚಿದ್ದನಂತೆ. ಹೊಸ ಏಪ್ರನ್, ಇಸ್ತ್ರಿ ಬೇರೆ. ಮೀನು ಸಾರು, ಮುದ್ದೆ. ಬಡಿಸಿಯಾಯಿತು, ಹಬೆ ಕನ್ನಡಕಕ್ಕೆ ಹತ್ತಿ ಅಕ್ಷರ ಕಾಣುತ್ತಿಲ್ಲ. ಹೊರಗೆ ಗಾಳಿ ನಿಂತಿದೆ. ಎಲ್ಲರೂ ಇದ್ದೇವೆ, ಎಂಟೂ ಜನ. ಒಬ್ಬರೂ ಕಮ್ಮಿಯಾಗಿಲ್ಲ.

ಏನಿದು, ಇಷ್ಟು ಸದ್ದಿಲ್ಲ ಅಂತ ತಲೆ ಎತ್ತಿದೆ. ಯಾರೂ ತಿನ್ನುತ್ತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನಾನು ಚಮಚ ಎತ್ತದೆ ಅವರು ಹೇಗೆ ಎತ್ತುತ್ತಾರೆ! "ಆ ಪೆನ್ನು ಕೆಳಗಿಡ್ತೀಯೋ ಇಲ್ಲಾ ಸಾರಲ್ಲಿ ಅದ್ದಲೋ" ಅನ್ನುತ್ತಿದ್ದಾಳೆ ಪೆರಿನಾ. ಶ್ಪೀರೋ ಪೆನ್ನು ಕಿತ್ತುಕೊಳ್ಳಲು ಎದ್ದು ಈ ಕಡೆಗೇ ಬರುತ್ತಿದ್ದಾನೆ, ಕೈಯಲ್ಲಿ ಸೌಟು